ಸೇವಂತಿಯ ಪಾರ್ವತಿ

ಪುತ್ತೂರಿನ ಹಿರಿಯರೇ, ಸುಳ್ಯದಿಂದ ಬಂದ ನೆಂಟರೇ, ಮುಂದೆ ಕುಳಿತಿರುವ ಸೇವಂತಿಯ ಅವ್ವನವರೇ — ಎಲ್ಲರಿಗೂ ನಮಸ್ಕಾರ. ನಾನು ಕುಶಾಲಪ್ಪ, ನಮ್ಮ ಬ್ಯಾಲೆ ತಂಡದಲ್ಲಿ ಮದ್ದಳೆ ಬಾರಿಸಿದವನು.

ಇದುವರೆಗೆ ಮಾತಾಡಿದ ಕಮಿಟಿಯವರು ಸೇವಂತಿಯನ್ನು ತಂಡದ ಆಸ್ತಿ ಎಂದರು. ಸಂತೋಷ. ಆ ಆಸ್ತಿಯನ್ನು ಹೇಗೆ ನೋಡಿಕೊಂಡರು ಎಂದು ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ.

ತಂಡ ಕಟ್ಟಿದವರು ಮಹಾಲಿಂಗ ಭಟ್ಟರು, ಐವತ್ತಮೂರನೇ ಇಸವಿಯಲ್ಲಿ. ಮೊದಲ ಪ್ರದರ್ಶನದಿಂದಲೂ ಸೇವಂತಿಯೇ ಪಾರ್ವತಿ. ಆಮೇಲೆ — ನಿಮಗೆ ಗೊತ್ತಿದೆ — ಸಣ್ಣ ಪ್ರಾಯದಲ್ಲೇ ಅವಳ ಗಂಡ ತೀರಿಕೊಂಡ. ಅವಳು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಭಟ್ಟರು ಸುಳ್ಯದ ಬಸ್ಸು ಹತ್ತಿ ಹೋಗಿ, ಅಂಗಳದಲ್ಲಿ ನಿಂತು, ಗೆಜ್ಜೆ ಮುಂದೆ ಹಿಡಿದರು — ಹೀಗೆ, ಎರಡೂ ಕೈಯಲ್ಲಿ.

"ಪಾರ್ವತಿ ಮಾಡುದು ನೀನೇ. ಬೇರೆಯವರಿಗೆ ನಾನು ಅದನ್ನು ಕಲಿಸುದಿಲ್ಲ."

ಅವಳು ಬಂದಳು. ಕುಣಿಯುತ್ತಾ ಅತ್ತಳು. ಜನ ಅದನ್ನು ಅಭಿನಯ ಎಂದುಕೊಂಡರು.

ಭಟ್ಟರು ತೀರಿಹೋದ ಮೇಲೆ ಮದರಾಸಿನಲ್ಲಿ ಕಲಿತ ಯಜ್ಞೇಶ್ವರರು ನಿರ್ದೇಶಕರಾಗಿ ಬಂದರು. ಅವರಿಗೆ ನನ್ನ ಮದ್ದಳೆ ಹಳ್ಳಿಯದಾಗಿ ಕೇಳಿಸಿತು, ಸೇವಂತಿಯ ಹೆಜ್ಜೆ ಗದ್ದೆಯದಾಗಿ ಕಾಣಿಸಿತು. ಅವಳನ್ನು ಸಖಿಯರ ಸಾಲಿಗೆ ತಳ್ಳಿದರು. ಬಣ್ಣಬಣ್ಣದ ಲೈಟು ತರಿಸಿದರು. ಆ ಲೈಟಿನ ಕೆಳಗೆ ನೋಡುವಂಥದ್ದು ಮಾತ್ರ ಏನೂ ಇರಲಿಲ್ಲ. ಜನ ಬಾರದಾದಾಗ ಊರು ಬಿಟ್ಟರು.

ಮೂರನೆಯವರು — ಇಲ್ಲೇ ಮುಂದಿನ ಕುರ್ಚಿಯಲ್ಲಿದ್ದಾರೆ — ಚೆನ್ನಕೇಶವರು. ಅವರಿಗೆ ನೃತ್ಯ ಗೊತ್ತಿತ್ತೇ ಎಂದು ಕೇಳಬೇಡಿ. ಕಮಿಟಿಯ ಅಧ್ಯಕ್ಷರು ಅವರ ಭಾವ, ಅಷ್ಟು ಸಾಕಾಯಿತು. ಜನ ಸೇವಂತಿಯನ್ನೇ ಕೇಳುತ್ತಿದ್ದರೆಂದು ಪಾತ್ರವನ್ನು ಅವಳಿಗೆ ಮರಳಿ ಕೊಟ್ಟರು. ಆದರೆ ಸುಬ್ರಹ್ಮಣ್ಯದ ಪ್ರದರ್ಶನಕ್ಕೆ ಅವಳು ಬಣ್ಣ ಹಚ್ಚಿ ಕುಳಿತಾಗ ಒಳಗೆ ಬಂದು, ಗಂಡನಿಲ್ಲದವಳು ಕುಂಕುಮವಿಟ್ಟು ದೇವಿಯಾದರೆ ದೊಡ್ಡವರು ಮುಖ ಸಿಂಡರಿಸುತ್ತಾರೆ, ಅದನ್ನು ಒರೆಸು, ಇವತ್ತು ಬೇರೆಯವಳು ಕುಣಿಯಲಿ ಎಂದರು.

ಸೇವಂತಿ ಕನ್ನಡಿಯಿಂದ ಮುಖ ತಿರುಗಿಸಲಿಲ್ಲ.

"ಪಾರ್ವತಿ ಕುಣಿಯುದು ಕಾಲಿನಲ್ಲಿ. ನಿಮಗೆ ನನ್ನ ಹಣೆಯಲ್ಲಿ ಎಂತ ಕೆಲಸ?"

ಗೆಜ್ಜೆ ಬಿಚ್ಚಿಕೊಂಡು, ಕುಂಕುಮ ಒರೆಸದೆಯೇ, ಯಾತ್ರಿಕರ ನಡುವೆ ಬಸ್ಸಿನ ಕಡೆಗೆ ನಡೆದಳು. ಮದ್ದಳೆ ಹೊತ್ತುಕೊಂಡು ನಾನೂ ಹಿಂದೆ ಹೋದೆ. ಬೇರೆ ಪಾರ್ವತಿ ಸಿಗದೆ ಆ ದಿನ ಶಿವ ಒಬ್ಬನೇ ಕುಣಿದನಂತೆ — ಕೇಳಿ ಇಬ್ಬರೂ ನಕ್ಕೆವು.

ಕೋಡಿಂಬಾಳದಲ್ಲಿ ತನ್ನ ಅಕ್ಕನ ಮನೆಯಲ್ಲಿ ಅವಳು ಹುಡುಗಿಯರಿಗೆ ಕಲಿಸತೊಡಗಿದಳು. ರಾಮಕುಂಜದಲ್ಲಿ ಅವರು ಕುಣಿದಾಗ ಜನ ಮರ ಹತ್ತಿ ನೋಡಿದರು. ಇತ್ತ ಪುತ್ತೂರಿನ ತಂಡದಲ್ಲಿ ನಿರ್ದೇಶಕರು ಉಳಿದರು, ಕುಣಿಯುವವರು ಉಳಿಯಲಿಲ್ಲ. ಆಗ ಚೆನ್ನಕೇಶವರು ಕಾರಿನಲ್ಲಿ ಬಂದು ಹುಡುಗಿಯರನ್ನು ಕಳಿಸಿಕೊಡು ಎಂದರು. ಸೇವಂತಿ ಜ್ವರದಲ್ಲಿ ಮಲಗಿದ್ದಳು. ಅವರನ್ನೇ ಕೇಳಿ ಎಂದಳು. ಹುಡುಗಿಯರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ಜ್ವರದಿಂದ ಅವಳು ಏಳಲಿಲ್ಲ.

ಇಲ್ಲಿ ಹಾರ ಹಾಕಿದ ಪಟ ನೋಡಿ — ಪಾರ್ವತಿಯ ವೇಷ, ಹಣೆ ತುಂಬ ಕುಂಕುಮ. ಒರೆಸು ಎಂದವರೇ ದೊಡ್ಡದು ಮಾಡಿಸಿ ತಂದಿದ್ದಾರೆ! ನಾಚಿಕೆ ಎನ್ನುವುದು ಇವರ ಕಡೆ ಹಾದೂ ಹೋಗಿಲ್ಲ. ಹುಡುಗಿಯರು ಇನ್ನು ತಮ್ಮ ತಂಡಕ್ಕೆ ಎಂದು ಈಗಷ್ಟೇ ಘೋಷಿಸಿದರು. ಅದು ಸುಳ್ಳು. ಹುಡುಗಿಯರಲ್ಲಿ ಹಿರಿಯಳಾದ ಕೌಸಲ್ಯಾ ಕೋಡಿಂಬಾಳದಲ್ಲೇ ಕಲಿಸುತ್ತಾಳೆ. ಮದ್ದಳೆಗೆ ನಾನಿದ್ದೇನೆ.

ಅವ್ವನವರೇ, ನೀವು ಕುಳಿತೇ ಇರಿ. ಉಳಿದವರೆಲ್ಲ ಎದ್ದು ನಿಂತು ಸ್ವಲ್ಪ ಹೊತ್ತು ಮೌನವಾಗಿ ಅವಳನ್ನು ನೆನೆಯೋಣ. ಚೆನ್ನಕೇಶವರೇ, ನೀವೂ ಏಳಿ — ಸೇವಂತಿಯ ವಿಷಯದಲ್ಲಿ ನೀವು ಬಾಯಿ ಮುಚ್ಚುವುದು ಇದೇ ಮೊದಲು.