ಒದ್ದರೆ ನೋಡಬಾರದಂತೆ

ಡಂಡಿ ಊರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ತಾಯಿ ಮಗಳು ಕೂತಿದ್ದರು. ಮಗಳು ಶೋನಾ, ಸ್ಕೂಲಿಗೆ ಹೋಗುವ ತನ್ನ ಮಗಳು ಐಲಾಳ ಸಲುವಾಗಿ, ಆಗಷ್ಟೇ ಹೆತ್ತವರ ತರಬೇತಿ ಕ್ಲಾಸು ಮುಗಿಸಿ ಬಂದಿದ್ದಳು. ತಾಯಿಯ ಹೆಸರು ಸೆಂಗಾ; ಆಕೆ ಖೀಮಾ ತುಂಬಿದ ಬ್ರೈಡಿ ಎಂಬ ಪಫ್ ಕಚ್ಚುತ್ತಲೇ ಮೂದಲಿಸುತ್ತಿದ್ದಳು.

“ಇವತ್ತೇನು ಹೇಳ್ಕೊಟ್ಳು ಆ ಮಹಾತಾಯಿ?”

“ಐಲಾ ಒದ್ರೆ ಅವಳ ಕಡೆ ನೋಡ್ಬಾರ್ದಂತೆ. ನಿಲ್ಲಿಸಿದ ತಕ್ಷಣ ಹೊಗಳ್ಬೇಕಂತೆ.”

“ಅವಳು ಒದ್ದು ಸ್ಕೂಲ್ ಟೀಚರ್ ಮೊಣಕಾಲು ಊದ್ಕೊಂಡಿದೆ, ನೀನು ಮಗಳಿಗೆ ಚಪ್ಪಾಳೆ ತಟ್ಟು! ನಿನ್ನ ಕ್ಲಾಸಿನ ಆ ಮೇಡಂಗೆ ಮಕ್ಕಳಿದಾವಾ?”

“ಇಲ್ಲ. ಬೆಕ್ಕಿದೆ.”

“ಸರಿಹೋಯ್ತು. ಬೆಕ್ಕು ಸಾಕಿದೋಳ ಹತ್ರ ಮಗು ಸಾಕೋದು ಕಲಿ.”

“ಇನ್ನೊಂದ್ಸಲ ಒದ್ರೆ ಸ್ಕೂಲಿಂದ ಹೊರಗೆ ಹಾಕ್ತಾರಮ್ಮ.”

“ಬೆನ್ನಿಗೆ ಎರಡು ಬಿಗಿದ್ರೆ ಬುದ್ಧಿ ಬರತ್ತೆ. ನಿಂಗೆ ಬರ್ಲಿಲ್ವಾ?”

ಶೋನಾ ಮುಖ ತಿರುಗಿಸಿ ರಸ್ತೆ ನೋಡತೊಡಗಿದಳು.

“ಏ, ನಿನ್ನನ್ನೇ ಕೇಳ್ತಿರೋದು! ನಿನ್ನ ಬೆಳೆಸೋಕೆ ನಾನ್ಯಾವ ಕ್ಲಾಸಿಗೆ ಹೋಗಿದ್ದೆ?”

ಶೋನಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ತಾಯಿ ಇನ್ನೆರಡು ಸಲ ಗದರಿದಳು. ಆಮೇಲೆ ದನಿ ತಗ್ಗಿತು.

“ಬ್ರೈಡಿ ಆರಿಹೋಗತ್ತೆ, ಒಂದು ತುತ್ತು ತಿನ್ನು, ಪುಟ್ಟಾ.”

ಶೋನಾ ಥಟ್ಟನೆ ತಿರುಗಿ ನಕ್ಕಳು. “ಎಷ್ಟು ಮೆಲ್ಲಗೆ ಕೇಳಿದೆ ಅಮ್ಮಾ! ತುಂಬಾ ಚೆನ್ನಾಗಿತ್ತು.”

ಸೆಂಗಾ ಅಗಿಯುವುದನ್ನು ನಿಲ್ಲಿಸಿದಳು. ಬಸ್ಸು ಬಂತು.

“ಬೆಕ್ಕಿನೋಳ ವಿದ್ಯೇನ ನನ್ನ ಮೇಲೇ ತೋರಿಸ್ತೀಯೇನೇ!”

ಶೋನಾ ಮತ್ತೆ ಮುಖ ತಿರುಗಿಸಿ ಬಸ್ಸು ಹತ್ತಿದಳು.