ನನ್ನನ್ನು ಬಯ್ದು ಗಳಿಸಿದ ಅಂಕ

ಅಧ್ಯಕ್ಷತೆ ವಹಿಸಿರುವ ಅಹಲ್ಯಾ ಮೇಡಮ್ ಅವರೇ, ಇವತ್ತಿನ ಸನ್ಮಾನಿತೆ ಸುಮಂಗಲಾ, ಅವಳ ಪಕ್ಕದಲ್ಲಿ ಹೊಸ ಅಂಗಿ ತೊಟ್ಟು ಕುಳಿತಿರುವ ಗಂಡ ಪರಮೇಶ, ಮಲ್ಕಾಜ್‌ಗಿರಿಯ ನಮ್ಮ ಕನ್ನಡ ಬಳಗದ ಬಂಧುಗಳೇ, ಮತ್ತು ಊಟದ ಕೋಣೆಯ ಕಡೆಗೆ ಆಗಲೇ ಕುರ್ಚಿ ತಿರುಗಿಸಿಕೊಂಡಿರುವ ಹಿರಿಯ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಜೀವನವಿಡೀ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವನಿಗೆ ಐದು ನಿಮಿಷ ಎಂದರೆ ಎಷ್ಟು ಹೊತ್ತು ಎಂದು ನಿಮಗೆ ಗೊತ್ತೇ ಇದೆ.

ನನ್ನ ಕೆಳಗಿನ ಮನೆಯ ಈ ಸುಮಂಗಲಾ ಕೋಠಿಯ ಒಂದು ಲ್ಯಾಬಿನಲ್ಲಿ ಕೃತಕ ಹಲ್ಲು ತಯಾರಿಸುತ್ತಾಳೆ. ಈಗ ನನ್ನ ಬಾಯಲ್ಲಿ ಹೊಳೆಯುತ್ತಿರುವುದು ಅವಳದೇ ಕೈಕೆಲಸ. ಹಲ್ಲು ಕಟ್ಟಿದಳು. ಬಾಯಿ ಕಟ್ಟುವುದು ಮಾತ್ರ ಅವಳಿಂದಲೂ ಆಗಲಿಲ್ಲ.

ಆಸ್ಟ್ರೇಲಿಯಾದವರಿಗೆ ಇಂಥ ಕಸುಬು ಬಲ್ಲವರು ಬೇಕಂತೆ. ಆದರೆ ಸುಮ್ಮನೆ ಬನ್ನಿ ಎಂದು ಕರೆಯುತ್ತಾರೆಯೇ? ಇಲ್ಲ, ಅಂಕ ಹಾಕುತ್ತಾರೆ. ಓದಿಗೆ ಅಂಕ, ಅನುಭವಕ್ಕೆ ಅಂಕ, ಇಂಗ್ಲಿಷಿಗೆ ಅಂಕ, ವಯಸ್ಸಿಗೂ ಅಂಕ. ಮೂವತ್ತಮೂರು ತುಂಬಿತೋ, ವಯಸ್ಸಿನ ಅಂಕದಲ್ಲಿ ಕಡಿತ. ನನ್ನ ವಯಸ್ಸಿಗೆ ಲೆಕ್ಕ ಹಾಕಿದರೆ ನಾನೇ ಅವರಿಗೆ ಅಂಕ ಕೊಡಬೇಕಾದೀತು. ಸುಮಂಗಲಾಗೆ ಮೂವತ್ತಮೂರು ತುಂಬಲು ಕೆಲವೇ ತಿಂಗಳಿದ್ದವು. ಇಂಗ್ಲಿಷ್ ಓದುವುದು, ಬರೆಯುವುದು, ಕೇಳಿ ತಿಳಿಯುವುದು ಮೂರರಲ್ಲೂ ಅವಳು ಮುಂದೆ. ಮಾತಿನ ಪರೀಕ್ಷೆಯಲ್ಲಿ ಮುಗ್ಗರಿಸಿದಳು. ಒಟ್ಟು ಅಂಕ ಸಾಲಲಿಲ್ಲ.

ಯಾಕೆ ಮುಗ್ಗರಿಸಿದಳು? ನಿಮಗೆ ಕಿರಿಕಿರಿ ಮಾಡುವ ಒಬ್ಬರ ಬಗ್ಗೆ ಎರಡು ನಿಮಿಷ ಮಾತಾಡಿ ಎಂದರಂತೆ ಪರೀಕ್ಷಕರು. ಅಂಥವರು ಯಾರೂ ಇಲ್ಲ ಸರ್ ಎಂದು ಇಂಗ್ಲಿಷಿನಲ್ಲೇ ಹೇಳಿ, ಉಳಿದ ಹೊತ್ತೆಲ್ಲ ಕೈ ಕಟ್ಟಿಕೊಂಡು ನಗುನಗುತ್ತ ಕುಳಿತು ಎದ್ದು ಬಂದಳು. ಭಾಷೆ ಬರಲಿಲ್ಲವೇ? ಬಂತು. ಮನಸ್ಸು ಬರಲಿಲ್ಲ. ರಾಯಚೂರು ಕಡೆಯಿಂದ ಬಂದ ಮನೆ ಅದು. ಹೊರಗಿನವರ ಮುಂದೆ ಯಾರನ್ನೂ ಆಡಿಕೊಳ್ಳಬಾರದು ಎಂದು ಅವಳ ಅತ್ತೆ ಸಾಬಮ್ಮನವರ ಕಟ್ಟಪ್ಪಣೆ. ಪರೀಕ್ಷಕರು ಹೊರಗಿನವರಲ್ಲದೆ ಇನ್ನಾರು?

ಅವತ್ತು ಸಂಜೆ ನನ್ನ ಹಲ್ಲಿನ ಸೆಟ್ ಸರಿಮಾಡಲು ಮೇಲೆ ಬಂದವಳ ಕಣ್ಣು ಕೆಂಪಾಗಿದ್ದವು.

"ಒಂದ ಹೆಸರು ಹೇಳಿದ್ರ ಸಾಕಿತ್ರಿ, ಅಮರಯ್ಯ ಮಾಮಾ. ಆದ್ರ ಯಾರದು ಹೇಳ್ಲಿ? ಎಲ್ಲಾರೂ ಚಲೋ ಅದಾರಲ್ರಿ" ಎಂದಳು.

ಸಭಿಕರೇ, ಮೇಲಿನ ಮನೆಯಲ್ಲಿ ನಾನಿದ್ದೂ ಅವಳು ಹೀಗೆಂದರೆ ಅದು ನನಗೆ ಅವಮಾನವಲ್ಲವೇ? ದಿನಾ ನನ್ನನ್ನು ಇಂಗ್ಲಿಷಿನಲ್ಲಿ ಬಯ್ದು ಅಭ್ಯಾಸ ಮಾಡು ಎಂದೆ. ಹಿರಿಯರನ್ನು ಹೇಗೆ ಬಯ್ಯುವುದು ಎಂದು ಬಾಯಿ ಮುಚ್ಚಿಕೊಂಡಳು. ಸರಿ, ಬಯ್ಗುಳವನ್ನು ನಾನೇ ದುಡಿದು ಸಂಪಾದಿಸಬೇಕಾಯಿತು. ಅವಳ ಒಂದು ಚಪ್ಪಲಿಯನ್ನು ತಾರಸಿಗೆ ಸಾಗಿಸಿದೆ. ನಕ್ಕಳು. ಕರೆಗಂಟೆ ಒತ್ತಿ ಮೆಟ್ಟಿಲ ಹಿಂದೆ ಅಡಗಿದೆ. ಮಂಡಿನೋವು ಹೆಚ್ಚಾದೀತು ಎಂದು ಎಣ್ಣೆ ಕೊಟ್ಟು ಕಳಿಸಿದಳು. ಒಳ್ಳೆಯ ಹುಡುಗಿಯನ್ನು ಕೆಡಿಸುವುದು ಅಷ್ಟು ಸುಲಭವಲ್ಲ ಸ್ವಾಮಿ.

ಕೊನೆಗೆ ಒಂದು ಭಾನುವಾರ, ಸುಮಂಗಲಾ ಪುಕ್ಕಟೆ ಹಲ್ಲು ಹಂಚುತ್ತಾಳೆ ಎಂದು ಪಾರ್ಕಿನಲ್ಲಿ ಸುದ್ದಿ ಬಿಟ್ಟೆ. ಬೆಳಗಿನ ತಿಂಡಿಗೆ ಮೊದಲೇ ಕಾಲೊನಿಯ ಬೊಚ್ಚುಬಾಯಿಗಳೆಲ್ಲ ಅವಳ ಮೆಟ್ಟಿಲ ಮೇಲೆ ಸಾಲುಗಟ್ಟಿದವು. ಬಂದವರಲ್ಲಿ ಕೆಲವರು ಇಲ್ಲೇ ಕುಳಿತಿದ್ದೀರಿ, ಹೆಸರು ಹೇಳುವುದಿಲ್ಲ. ಎಲ್ಲರಿಗೂ ಚಹಾ ಕೊಟ್ಟು ಕಳಿಸಿ, ನೇರ ನನ್ನ ಬಾಗಿಲಿಗೆ ಬಂದಳು. ಮುಖ ಕೆಂಡ. ಮಾತು ಮಾತ್ರ ಗಂಟಲಲ್ಲೇ. ಯಾಕೆಂದರೆ ಹಿಂದೆಯೇ ಅತ್ತೆ ಬಂದು ನಿಂತಿದ್ದರು.

ಸಾಬಮ್ಮನವರು ನನ್ನನ್ನು ನೋಡಿದರು, ಸೊಸೆಯನ್ನು ನೋಡಿದರು.

"ಇಂಗ್ಲಿಷಿನಾಗ ಬೈ, ತಂಗಿ. ನನಗ ತಿಳಿದ್ರ ತಾನ ತಪ್ಪು" ಎಂದರು.

ಅಲ್ಲಿಗೆ ಸಿಗ್ನಲ್ ಬಿತ್ತು. ಗಾಡಿ ಒಮ್ಮೆ ಹೊರಟ ಮೇಲೆ ನಡುವೆ ಒಂದು ಸ್ಟೇಷನ್ನೂ ಇಲ್ಲ. ನನ್ನ ಬುದ್ಧಿ, ನನ್ನ ವಯಸ್ಸು, ನನ್ನ ಹಲ್ಲು, ಯಾವುದನ್ನೂ ಬಿಡಲಿಲ್ಲ. ಅಂದಿನಿಂದ ದಿನಾ ಸಂಜೆ ಇದೇ ಪಾಠ. ನನ್ನ ಹೆಂಡತಿ ಗಂಗೂಬಾಯಿ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬಯ್ಯುತ್ತಿದ್ದಳು. ಅವಳು ಹೋದ ಮೇಲೆ ನನ್ನ ಮನೆಯಲ್ಲಿ ಕುಕ್ಕರ್ ಬಿಟ್ಟರೆ ಯಾರೂ ದನಿ ಏರಿಸಿದ್ದಿಲ್ಲ. ಸಂಜೆ ಆರಾಗುವುದನ್ನೇ ಕಾಯುತ್ತಿದ್ದೆ. ಇರಲಿ, ಅದು ಬೇರೆ ವಿಷಯ.

ಎರಡನೆಯ ಪರೀಕ್ಷೆಯಲ್ಲಿ ನೆರೆಹೊರೆಯವರ ಬಗ್ಗೆ ಕೇಳಿದರಂತೆ. ಪರೀಕ್ಷಕರೇ ಸಾಕು ತಾಯಿ ಎಂದು ಕೈ ತೋರಿಸುವವರೆಗೂ ಮಾತಾಡಿದಳಂತೆ. ಇಂಗ್ಲಿಷಿಗೆ ಎಷ್ಟು ಅಂಕ ಕೊಡಬಹುದೋ ಅಷ್ಟೂ ಬಂತು, ಹುಟ್ಟುಹಬ್ಬಕ್ಕೆ ಮೊದಲೇ ಬಂತು. ಹಿಂದೆಯೇ ವೀಸಾಕ್ಕೆ ಅರ್ಜಿ ಹಾಕಿ ಎಂದು ಆಹ್ವಾನ ಬಂತು, ವೀಸಾ ಬಂತು. ಇವಳ ಕಸುಬಿನ ಬೆನ್ನು ಹಿಡಿದು ಪರಮೇಶನೂ ಪರದೇಶಕ್ಕೆ. ಚಪ್ಪಾಳೆ ತಟ್ಟಿ. ಇನ್ನೂ ಜೋರಾಗಿ, ಹಲ್ಲು ಬಿಗಿಯಾಗಿದ್ದವರು ಶಿಳ್ಳೆಯನ್ನೂ ಹೊಡೆಯಬಹುದು.

ಒಂದೇ ಒಂದು ದೂರು ಇದೆ. ಫಲಿತಾಂಶ ಬಂದ ದಿನದಿಂದ ಈ ಹುಡುಗಿ ನನ್ನನ್ನು ಬಯ್ಯುವುದನ್ನು ಬಿಟ್ಟಿದ್ದಾಳೆ. "ಭಾಳ ಬಯ್ದೆ ಮಾಮಾ, ತಪ್ಪಾತ್ರಿ" ಎಂದು ಕಾಲಿಗೆ ಬೀಳುತ್ತಾಳೆ. ಇದು ನ್ಯಾಯವೇ? ಗುರುವಾರ ಅವರ ವಿಮಾನ. ಹಾಗಾಗಿ ನಿನ್ನೆ ಅವಳ ಸೂಟ್‌ಕೇಸಿನ ತಳದಲ್ಲಿ ಒಂದು ಕಿತಾಪತಿ ಇಟ್ಟಿದ್ದೇನೆ. ಪರಮೇಶನಿಗೆ ಗೊತ್ತು, ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿದ್ದಾನೆ. ಸುಮಂಗಲಾ, ಇಲ್ಲಿ ಹುಡುಕಬೇಡ. ಅಲ್ಲಿ ಹೋಗಿ ಅದನ್ನು ಬಿಚ್ಚಿದಾಗ ನಿನಗೆ ಸಿಟ್ಟು ಬರುತ್ತದೆ. ಬರಲೇಬೇಕು. ತಕ್ಷಣ ಫೋನ್ ಮಾಡಿ ನನ್ನನ್ನು ಬಯ್ಯಿ. ಈಗ ಅಂಕದ ಹಂಗಿಲ್ಲ, ಕನ್ನಡದಲ್ಲೇ ಬಯ್ಯಿ.

ಇಷ್ಟು ಹೊತ್ತು ನನ್ನನ್ನು ಬಯ್ಯದೆ ಕೇಳಿದ ನಿಮಗೆಲ್ಲ ಧನ್ಯವಾದ. ನಮಸ್ಕಾರ.