ಹನ್ನೊಂದರ ಗಂಟೆಗೆ ಮಗ್ಗುಲು ಬದಲಿಸಿದ ಬಗ್ಗೆ

ಏಳನೇ ಕೋಣೆಯಲ್ಲಿ ‘ಟೇಪು ಮಾಮ’ ಎಂದೇ ಕರೆಸಿಕೊಳ್ಳುವ ನಾನು, ವಯಸ್ಸು 46 ವರ್ಷ, ಕಸುಬು ದರ್ಜಿ, ವಾಸ ಇದೇ ಜೈಲು, ಇನ್ನೆರಡು ವರ್ಷ ವಿಳಾಸ ಬದಲಾಗುವುದಿಲ್ಲ, ವಿಚಾರಣೆಗೆ ಬಂದ ಸಬ್ ಇನ್ಸ್‌ಪೆಕ್ಟರ್ ಅವರ ಮುಂದೆ ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಕೋಣೆ ಹದಿನಾರು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಇದ್ದವರು ಇಪ್ಪತ್ತೆರಡು ಜನ. ಎರಡು ಸಾಲಾಗಿ ಮಲಗಿದರೆ ಒಬ್ಬೊಬ್ಬರಿಗೆ ಹದಿನೇಳೂವರೆ ಇಂಚು ಸಹ ಬರುವುದಿಲ್ಲ. ನಾನು ಹೊಲಿಯುವ ಕೈದಿ ಅಂಗಿಯ ಭುಜವೇ ಹದಿನೆಂಟು ಇಂಚು. ಆದ್ದರಿಂದ ಎಲ್ಲರೂ ಒಂದೇ ಮಗ್ಗುಲಾಗಿ ಮಲಗಿ, ಜೈಲಿನ ಗಂಟೆ ಹೊಡೆದಾಗಲೆಲ್ಲ ಒಟ್ಟಿಗೆ ಹೊರಳುತ್ತಿದ್ದೆವು. ಒಬ್ಬ ತಪ್ಪಿದರೆ ಹತ್ತು ಜನರಿಂದ ಬೈಸಿಕೊಳ್ಳಬೇಕು. ಕೋಣೆಯ ಹಿರಿಯರಾದ ಅಜ್ಜನಿಗೆ 71 ವರ್ಷ, ಬೆನ್ನುನೋವು. ಅಂಗಾತ ಮಲಗಿ ಮೂರು ವರ್ಷವಾಗಿತ್ತು. ಅವರಿಗೆ ಅಷ್ಟು ಜಾಗ ಕೊಡಿಸಿ ಎಂದು ನಾನು ಕೋರ್ಟಿಗೆ ಹೋದೆ. ಆ ಕೋಣೆಯಲ್ಲಿರುವುದು ಆರೇ ಜನ ಎಂದು ಜೈಲಿನವರು ಉತ್ತರ ಹಾಕಿದರು.

ದಿನಾಂಕ 14ರಂದು ಬೆಳಿಗ್ಗೆ 8.15ಕ್ಕೆ ಹದಿನಾರು ಜನರನ್ನು ಹಾಸಿಗೆ ಸಮೇತ ಹೊಲಿಗೆ ಶೆಡ್ಡಿಗೆ ಸಾಗಿಸಿದರು. ಬಾಯಿ ಬಿಟ್ಟೀರಿ ಜೋಕೆ ಎಂದು ಜೈಲರ್ ಸಾಹೇಬರು ಅಜ್ಜನೂ ನಾನೂ ಸೇರಿ ಉಳಿದ ಆರು ಜನರನ್ನು ಎಚ್ಚರಿಸಿದರು. 10.50ಕ್ಕೆ ಕೋರ್ಟು ಕಳಿಸಿದ ವಕೀಲರಮ್ಮ ಬಂದು ಕೋಣೆ ಅಳೆದು, ಆರು ಜನಕ್ಕೆ ಇಷ್ಟು ಸಾಕಲ್ಲವೇ ಎಂದರು. ಕೇಸು ಮಣ್ಣುಪಾಲಾಯಿತೆಂದುಕೊಂಡೆ. ಆಗ ಜೈಲರ್ ಸಾಹೇಬರೇ ಹುರುಪಿನಿಂದ, ಎಷ್ಟು ಆರಾಮಾಗಿ ಮಲಕ್ಕೋತಾರೆ ನೀವೇ ನೋಡಿ ಮೇಡಂ ಎಂದು ನಮಗೆ ಮಲಗಲು ಹೇಳಿದರು.

ಮಲಗಿದೆವು. ಆರೂ ಜನ ಗೋಡೆಗೆ ಒತ್ತಿಕೊಂಡು, ಎಡಮಗ್ಗುಲಾಗಿ, ಒಬ್ಬರ ಮೊಣಕಾಲು ಇನ್ನೊಬ್ಬರ ಮೊಣಕಾಲಿನ ಹಿಂದೆ. ಒಂಬತ್ತು ಅಡಿಯೂ ಹಿಡಿಯಲಿಲ್ಲ, ಉಳಿದ ನೆಲವೆಲ್ಲ ಖಾಲಿ. ಕೈಕಾಲು ಚಾಚ್ರೋ ಎಂದು ಸಾಹೇಬರು ಹಲ್ಲು ಕಚ್ಚಿಕೊಂಡು ಹೇಳುವಷ್ಟರಲ್ಲಿ ಹನ್ನೊಂದರ ಗಂಟೆ ಹೊಡೆಯಿತು. ಆರೂ ಜನ ಒಟ್ಟಿಗೆ ಬಲಕ್ಕೆ ಹೊರಳಿದೆವು. ಅಜ್ಜ ಕಣ್ಣು ಮುಚ್ಚಿಕೊಂಡೇ, ಆ ಸಾಲಿನೋರು ಯಾಕೋ ಇನ್ನೂ ತಿರುಗಿಲ್ಲ ಎಂದರು. ಯಾವ ಸಾಲು ಎಂದು ವಕೀಲರಮ್ಮ ಕೇಳಿದರು. ಹೊಲಿಗೆ ಶೆಡ್ಡಲ್ಲಿದ್ದಾರಲ್ಲಮ್ಮ, ಅವರೇ ಎಂದು ಅಜ್ಜ ಹೇಳಿದರು.

ನಾನು ಮೊದಲೇ ತಾಲೀಮು ಮಾಡಿಸಿ ಗುಟ್ಟಾಗಿ ಸನ್ನೆ ಕೊಟ್ಟೆನೆಂಬ ಜೈಲರ್ ಸಾಹೇಬರ ದೂರು ಸುಳ್ಳು. ಮೂರು ವರ್ಷ ತಾಲೀಮು ಮಾಡಿಸಿದವರು ಅವರೇ. ಗಂಟೆಯೂ ಅವರದೇ.

ಕೋರ್ಟಿನ ಆದೇಶದಂತೆ ನಿನ್ನೆ ಮಧ್ಯಾಹ್ನ 2 ಗಂಟೆಗೆ ಹನ್ನೆರಡು ಜನರನ್ನು ಬೇರೆ ಕೋಣೆಗಳಿಗೆ ಹಂಚಿದರು. 2.10ಕ್ಕೆ ಅಜ್ಜ ಅಂಗಾತ ಮಲಗಿದರು. ನಾವೂ ಮಲಗಿದೆವು. ಮೂರರ ಗಂಟೆಗೆ ಒಂಬತ್ತು ಜನ ಹೊರಳಿದೆವು, ಅಜ್ಜ ಅಲುಗಲಿಲ್ಲ. ಗಾಬರಿಯಾಗಿ ಹತ್ತಿರ ಹೋದೆ. ಗೊರಕೆ ಹೊಡೆಯುತ್ತಿದ್ದರು. ಸದರಿ ಗೊರಕೆಯ ಬಗ್ಗೆ ನನ್ನ ದೂರೇನೂ ಇಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ಅಳತೆ ಸಮೇತ ಎಲ್ಲವೂ ನಿಜ.

ಸ್ಥಳ: ಜೈಲು ಕಚೇರಿ
ದಿನಾಂಕ: 29
ಸಹಿ: ಟೇಪು ಮಾಮ